45 ಸಾವಿರದೊಳಗೆ ಹಳೇ ಬೈಕು: ಕಾರವಾರದ್ದೋ, ಶಿರಸಿಯದ್ದೋ?

ಕೋಡಿಬಾಗ 30
ಮೇ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಅಂಕೋಲೆಗೆ ದಿನಾ ಕೆಲಸಕ್ಕೆ ಹೋಗಿ ಬರಬೇಕು. ಎರಡೂ ಕಡೆ ಸೇರಿ ಹತ್ತಿರ ಹತ್ತಿರ 70 ಕಿ.ಮೀ. ಬಸ್ಸಿನ ಟೈಮಿಗೂ ನನ್ನ ಡ್ಯೂಟಿ ಟೈಮಿಗೂ ಜಾತಕ ಕೂಡುತ್ತಿಲ್ಲ. ಹೊಸ ಬೈಕಿನ ಆನ್‌ರೋಡ್ ರೇಟು ಕೇಳಿ ಶೋರೂಮಿನವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಕೈಯಲ್ಲಿರುವುದು 45 ಸಾವಿರ. ಹೆಸರು ವರ್ಗಾವಣೆ, ಇನ್ಶೂರೆನ್ಸ್, ರಿಪೇರಿ ಎಲ್ಲಾ ಅದರಲ್ಲೇ ಆಗಬೇಕು.

ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು ಇಲ್ಲೇ ಕಾರವಾರದಲ್ಲಿ. 125 ಸಿಸಿ, 2019ರ ಮಾಡೆಲ್, ಮೀಟರ್ 28 ಸಾವಿರ ತೋರಿಸುತ್ತದೆ, ಮೂರನೇ ಓನರ್, 42 ಸಾವಿರ ಹೇಳುತ್ತಿದ್ದಾರೆ. ಫೋಟೋದಲ್ಲಿ ಹೊಸ ಗಾಡಿ ಹಾಗೆ ಮಿರಿಮಿರಿ. ಇನ್ನೊಂದು ಶಿರಸಿ ಹತ್ತಿರದ ಹಳ್ಳಿಯಲ್ಲಿ. 100 ಸಿಸಿ, 2017ರದ್ದು, 46 ಸಾವಿರ ಓಡಿದೆ, ಒಬ್ಬರೇ ಓನರ್, 36 ಸಾವಿರ. ಫೋಟೋ ನೋಡಿದರೆ ಅಡಿಕೆ ಸಿಪ್ಪೆಯ ಧೂಳಿನ ಮಧ್ಯೆ ನಿಂತಿದೆ.

ಮನಸ್ಸು ಕಾರವಾರದ್ದರ ಕಡೆ ಇದೆ. ನನಗೆ ಗಾಡಿ ಓಡಿಸೋಕೆ ಬರುತ್ತದೆ, ನೋಡೋಕೆ ಬರಲ್ಲ. ಏನೇನು ನೋಡಬೇಕು ಹೇಳಿ.


ಪಾನಾ 12-13
ಮೇ 3, ರಾತ್ರಿ 10:25

ಕುಮಟಾದಲ್ಲಿ ನನ್ನದು ಗ್ಯಾರೇಜು. ತಮ್ಮಾ, ಎಂಜಿನ್ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತಿತ್ತು ಅಂತ ಕೇಳು. ಸಮುದ್ರದಿಂದ ಎಷ್ಟು ದೂರ, ಮಾಡಿನ ಕೆಳಗೋ, ಬಯಲಲ್ಲೋ?

ಯಾಕೆಂದರೆ ಉಪ್ಪಿನ ಗಾಳಿ. ಉಪ್ಪು ಕಬ್ಬಿಣದ ಮೇಲೆ ಕೂತರೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲ ಮುಗಿದರೂ ಅದು ಒಣಗುವುದಿಲ್ಲ. ಘಟ್ಟದ ಮೇಲಿನ ಗಾಡಿ ಬರೀ ಮಳೆಯಲ್ಲಿ ನೆನೆಯುತ್ತದೆ, ನಮ್ಮ ಗಾಡಿ ವರ್ಷವಿಡೀ ನೆನೆಯುತ್ತದೆ. ಎಂಜಿನ್ ಹೋದರೆ ನನ್ನಂಥವನು ಬಿಚ್ಚಿ ಬೋರ್ ಮಾಡಿ ಕೊಡುತ್ತಾನೆ. ಚಾಸಿಸ್, ಅಂದರೆ ಗಾಡಿಯ ಚೌಕಟ್ಟೇ, ತಿಂದು ಹೋಗಿದ್ದರೆ ವೆಲ್ಡಿಂಗ್ ಹೊಡೆದು ಕಳಿಸಬಹುದು, ಆದರೆ ನನ್ನ ತಮ್ಮನನ್ನು ಆ ಗಾಡಿ ಮೇಲೆ ಕೂರಿಸಲ್ಲ ನಾನು.

ಸೀಟು ಎತ್ತಿಸು. ಹಿಂದಿನ ಮಡ್ಗಾರ್ಡ್ ಚಾಸಿಸ್ಸಿಗೆ ಕೂರುವ ಜಾಗ, ಟ್ಯಾಂಕಿನ ಅಡಿ, ಫುಟ್‌ರೆಸ್ಟ್ ಕೂರಿಸಿದ ಬೆಸುಗೆ, ಮಧ್ಯದ ಸ್ಟ್ಯಾಂಡಿನ ಬುಡ. ಮೊಬೈಲ್ ಟಾರ್ಚ್ ಹಾಕು. ಮೇಲ್ಮೇಲೆ ಕೆಂಪಾಗಿದ್ದರೆ ಹೆದರಬೇಡ, ನಮ್ಮೂರಲ್ಲಿ ಅದು ಸಹಜ. ಪದರ ಪದರವಾಗಿ ಏಳುತ್ತಿದೆಯಾ, ಪೇಂಟಿನ ಕೆಳಗೆ ಗುಳ್ಳೆ ಇದೆಯಾ ನೋಡು. ಒಂದು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತಿಂದು ಹೋದದ್ದು ಒಡೆದ ಮಡಕೆ ತಟ್ಟಿದ ಹಾಗೆ.

ಮುಂದಿನ ಶಾಕ್‌ಗಳ ಬಿಳಿ ಪೈಪಿನ ಮೇಲೆ ಉಗುರು ಎಳೆದು ನೋಡು. ಸಣ್ಣ ಗುಳಿ ಸಿಕ್ಕರೆ ಅದು ತುಕ್ಕಿನದು. ಆ ಗುಳಿ ಆಯಿಲ್ ಸೀಲನ್ನು ಕೊಯ್ಯುತ್ತದೆ. ಇವತ್ತು ಹೊಸ ಸೀಲ್ ಹಾಕಿದರೂ ನಾಳೆ ಮತ್ತೆ ಎಣ್ಣೆ ಸೋರುತ್ತದೆ, ಪೈಪೇ ಬದಲಿಸಬೇಕು.

ಇನ್ನೊಂದು. ವೈರಿನ ಮೇಲೆ, ರಬ್ಬರಿನ ಮೇಲೆ, ಸ್ಪ್ರಿಂಗಿನ ಒಳಗೆ ಕಪ್ಪು ಪೇಂಟು ಬಿದ್ದಿದ್ದರೆ ಯಾರೋ ಸ್ಪ್ರೇ ಹೊಡೆದಿದ್ದಾರೆ. ಕಂಪನಿಯವರು ವೈರಿಗೆ ಪೇಂಟ್ ಹೊಡೆಯಲ್ಲ.


ಮೀನುಪೇಟೆ ಮೂಲೆ
ಮೇ 3, ರಾತ್ರಿ 10:52

ಪಾನಾ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಮ್ಮನೆಯಲ್ಲಿ ಮೀನು ವ್ಯಾಪಾರ. ನಮ್ಮಣ್ಣ ಬೆಳಿಗ್ಗೆ ಬೈತಖೋಲ ಬಂದರಿನಿಂದ ಬಾಕ್ಸ್ ಕಟ್ಟಿಕೊಂಡು ಹಳ್ಳಿ ತಿರುಗುತ್ತಾನೆ. ಐಸ್ ಕರಗಿದ ನೀರು, ಮೀನಿನ ನೀರು, ಉಪ್ಪು, ಎಲ್ಲಾ ಸೇರಿ ಹಿಂದಿನ ಮಡ್ಗಾರ್ಡಿನ ಮೇಲೆ ದಿನಾ ಇಳಿಯುತ್ತದೆ. ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿಯುತ್ತದೆ. ನಮ್ಮ ಗಾಡಿಯ ಹಿಂದಿನ ಭಾಗ ನಾಲ್ಕು ವರ್ಷಕ್ಕೆ ಜಾಲರಿ ಆಗಿತ್ತು. ಅದನ್ನು ಗುಜರಿಗೆ ಹಾಕಿದೆವು, ಯಾರಿಗೂ ಮಾರಲಿಲ್ಲ. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ನಾನು ಹೇಳಲ್ಲ.

ಮೀನು ಹೊತ್ತ ಗಾಡಿ ಗುರುತು ಹಿಡಿಯೋದು ಸುಲಭ. ಹಿಂದೆ ಕೈಹಿಡಿಯುವ ಕಂಬಿ ಮೇಲೆ ಹಗ್ಗ ಉಜ್ಜಿದ ಗೆರೆ ಇರುತ್ತದೆ. ಸೀಟಿನ ಹಿಂಭಾಗ ಬಾಕ್ಸಿನ ಭಾರಕ್ಕೆ ಚಪ್ಪಟೆಯಾಗಿರುತ್ತದೆ. ವಾಸನೆ ಹುಡುಕಬೇಡಿ, ಶಾಂಪೂ ಹಾಕಿ ತೊಳೆದಿರುತ್ತಾರೆ.


ಅಡಿಕೆ ತೋಟ
ಮೇ 4, ಬೆಳಿಗ್ಗೆ 6:15

ಶಿರಸಿ ಕಡೆಯವನು. ಧೂಳು ನೋಡಿ ನಮ್ಮ ಗಾಡಿಯನ್ನು ಬಿಡಬೇಡಿ ಮಾರಾಯ್ರೆ. ಧೂಳು ಒರೆಸಿದರೆ ಹೋಗುತ್ತದೆ.

ಹಾಗಂತ ನಮ್ಮ ಕಡೆ ಗಾಡಿ ಎಲ್ಲಾ ಚಿನ್ನ ಅಂತಲೂ ಅಲ್ಲ. ಇಲ್ಲಿ ಬೈಕ್ ಅಂದರೆ ಎತ್ತಿನ ಗಾಡಿ. ಗೊಬ್ಬರದ ಚೀಲ, ಬಾಳೆಗೊನೆ, ಹಾಲಿನ ಕ್ಯಾನು, ಮೇಲೆ ಇಬ್ಬರು. ಮನೆಯಿಂದ ತೋಟಕ್ಕೆ ಇಳಿಯೋ ದಾರಿ ಗೋಡೆ ಹಾಗಿರುತ್ತದೆ, ಅರ್ಧ ಕ್ಲಚ್ಚಿನಲ್ಲೇ ಹತ್ತಬೇಕು. ಹಾಗಾಗಿ ಕ್ಲಚ್ ಪ್ಲೇಟು, ಬ್ರೇಕ್ ಶೂ, ಹಿಂದಿನ ಶಾಕ್ ಈ ಮೂರು ನಮ್ಮಲ್ಲಿ ಬೇಗ ಹೋಗುತ್ತವೆ.

ಕ್ಲಚ್ ನೋಡುವ ಬಗೆ: ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಥ್ರಾಟಲ್ ಪೂರ್ತಿ ತಿರುಗಿಸಿ. ಎಂಜಿನ್ ಕಿರುಚಿಕೊಂಡು ಗಾಡಿ ಅಲ್ಲೇ ತೆವಳುತ್ತಿದ್ದರೆ ಪ್ಲೇಟು ಜಾರುತ್ತಿದೆ. ಸಮತಟ್ಟಿನಲ್ಲಿ ಇದು ಗೊತ್ತಾಗಲ್ಲ. ನಿಮ್ಮ ಕಾರವಾರದ ರಸ್ತೆಯಲ್ಲಿ ಓಡಿಸಿ ನೋಡಿದವರು ಇಲ್ಲೇ ಮೋಸ ಹೋಗುವುದು.

ಬರುವಾಗ ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತಿ ಬನ್ನಿ. ವಾಂತಿ ಬರುವವರಾದರೆ ಮುಂದಿನ ಸೀಟು ಹಿಡಿಯಿರಿ.


ಹೊನ್ನಾವರ 47
ಮೇ 4, ಬೆಳಿಗ್ಗೆ 8:30

ನನ್ನದೊಂದು ಪ್ರಶ್ನೆ. ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿ ಯಾಕೆ ನೋಡುತ್ತಿಲ್ಲ? 2020ರ ಏಪ್ರಿಲ್ ಮೇಲೆ ಬಂದದ್ದರಲ್ಲಿ ಫ್ಯುಯಲ್ ಇಂಜೆಕ್ಷನ್ ಇದೆ, ಚೋಕ್ ಎಳೆಯೋ ರಗಳೆ ಇಲ್ಲ, ಮೈಲೇಜೂ ಚೆನ್ನಾಗಿದೆ.


ಪಾನಾ 12-13
ಮೇ 4, ಬೆಳಿಗ್ಗೆ 8:55

ಒಳ್ಳೆ ಗಾಡಿಗಳೇ. ಆದರೆ 45 ಸಾವಿರಕ್ಕೆ ಸಿಗುವ ಬಿಎಸ್6 ಯಾಕೆ 45ಕ್ಕೆ ಸಿಗುತ್ತಿದೆ ಅಂತ ಯೋಚಿಸಬೇಕು, ಅಲ್ವಾ? ಕಾರ್ಬುರೇಟರ್ ಕೆಟ್ಟರೆ ಹಳ್ಳಿ ಮೆಕ್ಯಾನಿಕ್ ಕೂಡ ಬಿಚ್ಚಿ ಊದಿ ಹಾಕುತ್ತಾನೆ. ಇಂಜೆಕ್ಷನ್ ಗಾಡಿಯ ಸೆನ್ಸರ್ ವೈರಿನ ಕಪ್ಲರ್ ಒಳಗೆ ಉಪ್ಪುಗಾಳಿಗೆ ಹಸಿರು ಕಟ್ಟಿದರೆ ಅದನ್ನು ಹುಡುಕೋಕೇ ಅರ್ಧ ದಿನ.

ಯಾರಾದರೂ ತೆಗೆದುಕೊಳ್ಳುವುದಾದರೆ ಕೀ ತಿರುಗಿಸಿದಾಗ ಎಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ದೋಷ ಇದೆ. ಮೊದಲಿಂದಲೂ ಹತ್ತದೇ ಇದ್ದರೆ ದೋಷ ಮುಚ್ಚಿಟ್ಟಿರಬಹುದು.


ಕೋಡಿಬಾಗ 30
ಮೇ 4, ಬೆಳಿಗ್ಗೆ 9:10

ಇಷ್ಟೆಲ್ಲಾ ಇದೆ ಅಂತ ಗೊತ್ತಿರಲಿಲ್ಲ. ಇವತ್ತು ಸಂಜೆ ಕಾರವಾರದ್ದು ನೋಡೋಕೆ ಹೋಗುತ್ತೇನೆ. ಎಂಜಿನ್ ಬಗ್ಗೆಯೂ ಹೇಳಿಬಿಡಿ ಅಣ್ಣಾ.


ಪಾನಾ 12-13
ಮೇ 4, ಮಧ್ಯಾಹ್ನ 1:40

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ ಓದಿ.

ಫೋನ್ ಮಾಡಿ 'ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ' ಅನ್ನು. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡು. ಬಿಸಿ ಇದ್ದರೆ ಚಹಾ ಕುಡಿದು ಕಾಯಿ. ತಣ್ಣಗಿನ ಎಂಜಿನ್ ಸುಳ್ಳು ಹೇಳಲ್ಲ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚುತ್ತದೆ.

ಸ್ಟಾರ್ಟ್ ಮಾಡೋಕೆ ಮೊದಲು ಕಿಕ್ಕರನ್ನು ಕಾಲಲ್ಲಿ ನಿಧಾನ ಒತ್ತು. ಒಂದು ಕಡೆ ಎದುರು ತಳ್ಳಬೇಕು. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಕಂಪ್ರೆಶನ್ ಹೋಗಿದೆ. ಆಮೇಲೆ ಆಯಿಲ್ ಮುಚ್ಚಳ ತೆಗೆದು ಅದರ ಕಡ್ಡಿ ನೋಡು. ಕಪ್ಪಾಗಿದ್ದರೆ ಪರವಾಗಿಲ್ಲ. ಹಾಲು ಹಾಕಿದ ಚಹಾದ ಹಾಗೆ ಇದ್ದರೆ ಒಳಗೆ ನೀರು ಹೋಗಿದೆ.

ಈ ನೀರಿನ ವಿಚಾರ ನಮ್ಮ ಜಿಲ್ಲೆಯಲ್ಲಿ ಸುಮ್ನೆ ಬಿಡುವಂಥದ್ದಲ್ಲ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದವು. 2021ರ ಜುಲೈಯಲ್ಲಿ ಮತ್ತೆ. ಆಗ ಮುಳುಗಿದ ಗಾಡಿಗಳೆಲ್ಲಾ ಗುಜರಿಗೆ ಹೋಗಲಿಲ್ಲ. ಹೆಡ್‌ಲೈಟಿನ ಗಾಜಿನ ಒಳಗೆ, ಮೀಟರಿನ ಒಳಗೆ ಮಣ್ಣಿನ ಗೆರೆ ಇದೆಯಾ ನೋಡು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ ತಳದಲ್ಲಿ ಒಣಗಿದ ಕೆಸರು ಇದೆಯಾ ನೋಡು. ಡಬ್ಬಿ ಒಳಗೆ ತೊಳೆಯೋಕೆ ಯಾರಿಗೂ ನೆನಪಾಗಲ್ಲ.

ಸ್ಟಾರ್ಟ್ ಆದ ಮೇಲೆ ಹೊಗೆ. ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ, ರಿಂಗು ಅಥವಾ ವಾಲ್ವ್ ಸೀಲು. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅದು ಚಿಕ್ಕ ಕೆಲಸ. ಮಳೆಗಾಲದ ಬೆಳಿಗ್ಗೆ ಎರಡು ನಿಮಿಷ ಬಿಳಿ ಹಬೆ ಬಂದರೆ ಅದು ಸೈಲೆನ್ಸರಿನೊಳಗಿನ ತೇವ, ಗಾಬರಿ ಬೇಡ.

ಮಧ್ಯದ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸು. ಹ್ಯಾಂಡಲನ್ನು ಎರಡು ಬೆರಳಲ್ಲಿ ಎಡದಿಂದ ಬಲಕ್ಕೆ ತಿರುಗಿಸು. ನಡುವೆ ಕಟ್ ಅಂತ ಒಂದು ಕಡೆ ಕೂತರೆ ಕೋನ್‌ಸೆಟ್ (ಹ್ಯಾಂಡಲಿನ ಬೇರಿಂಗ್) ಹೋಗಿದೆ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸು, ಆಟ ಇರಬಾರದು. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನಿಂದ ಹೊರಕ್ಕೆ ಎಳೆ. ಹಲ್ಲು ಅರ್ಧ ಕಾಣುವಷ್ಟು ಎದ್ದರೆ ಪೂರ್ತಿ ಸೆಟ್ ಬದಲಿಸಬೇಕು. ಹಲ್ಲಿನ ತುದಿ ಬಾಗಿ ಬೆಕ್ಕಿನ ಉಗುರಿನ ಹಾಗಿದ್ದರೂ ಅಷ್ಟೇ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಗ್ರಿಪ್ ಇದ್ದರೂ ಹಳೇ ಟೈರು ಕಲ್ಲಾಗಿರುತ್ತದೆ. ನಮ್ಮ ಮಳೆಗೆ ಜಾರುತ್ತದೆ.

ಗಿರಾಕಿ ಬಂದರು. ಉಳಿದದ್ದು ಆಮೇಲೆ.


ಘಟ್ಟದ ಗಾಳಿ
ಮೇ 4, ಮಧ್ಯಾಹ್ನ 2:20

ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಐನೂರು ಕೊಟ್ಟರಾಯಿತು. ಆದರೆ ಮಾರುವವನು ತೋರಿಸಿದ ಮೆಕ್ಯಾನಿಕ್ ಬೇಡ, ಬೇರೆ ಊರಿನವನಿರಲಿ. ಹಿಂದೊಮ್ಮೆ ನಾನು ಕರೆದುಕೊಂಡು ಹೋದವನೂ ಮಾರುವವನೂ ವಾರಕ್ಕೊಮ್ಮೆ ಒಟ್ಟಿಗೆ ಕೂರುವವರು ಅಂತ ಗಾಡಿ ತಂದು ಆರು ತಿಂಗಳ ಮೇಲೆ ಗೊತ್ತಾಯಿತು. (ಪಾನಾ ಅಣ್ಣ ಬೇಜಾರು ಮಾಡಬೇಡಿ.)


ಪಾನಾ 12-13
ಮೇ 4, ಮಧ್ಯಾಹ್ನ 2:45

ಬೇಜಾರು ಯಾಕೆ, ನಿಜವೇ ತಾನೇ.


ಕೋಡಿಬಾಗ 30
ಮೇ 4, ರಾತ್ರಿ 8:50

ಹೋಗಿ ಬಂದೆ. ಹೇಳಿದ ಟೈಮಿಗಿಂತ ಅರ್ಧ ಗಂಟೆ ಮೊದಲೇ ಹೋದೆ. ಎಂಜಿನ್ ಮುಟ್ಟಿದರೆ ಬಿಸಿ. 'ಈಗಷ್ಟೇ ಹಾಲು ತರೋಕೆ ಹೋಗಿದ್ದೆ' ಅಂದರು. ಸಂಜೆ ಐದಕ್ಕೆ ಹಾಲು. ಇರಲಿ.

ದೂರದಿಂದ ನೋಡಿದರೆ ಗಾಡಿ ನಿಜಕ್ಕೂ ಚಂದ. ಮನಸ್ಸು ಜಾರಿಯೇ ಬಿಟ್ಟಿತ್ತು. ಆಮೇಲೆ ಬಗ್ಗಿ ನೋಡಿದೆ. ಶಾಕ್ ಸ್ಪ್ರಿಂಗಿನ ಒಳಸುತ್ತಿನಲ್ಲೂ ಪೇಂಟು. ಹಿಂದಿನ ಬ್ರೇಕ್ ಲೈಟಿನ ವೈರು ಅರ್ಧ ಕಪ್ಪು, ಅರ್ಧ ಹಳದಿ. ನೆನಪಾಗಿ ನಗು ಬಂತು.

ಸೀಟು ಎತ್ತೋಕೆ ಕೇಳಿದೆ. ಕೀ ಸರಿಯಾಗಿ ಕೂರಲ್ಲ ಅಂದರು. ನಾನು ಕಾಯುತ್ತೇನೆ ಅಂದೆ. ಎರಡು ನಿಮಿಷದಲ್ಲಿ ಕೂತಿತು. ಮಡ್ಗಾರ್ಡಿನ ಬುಡದಲ್ಲಿ ದಪ್ಪ ಪೇಂಟು, ಇನ್ನೂ ವಾಸನೆ ಇತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ. ಹಪ್ಪಳದಷ್ಟು ಅಗಲದ ಒಂದು ಚೂರು ಕೆಳಗೆ ಬಿತ್ತು. ಅದರ ಹಿಂದೆ ನನ್ನ ಹೆಬ್ಬೆರಳು ಹೋಗುವಷ್ಟು ತೂತು, ಒಳಗೆ ಕಂದು ಪುಡಿ. ಅವರು ನನ್ನನ್ನೇ ನೋಡಿದರು, ನಾನು ಚೂರನ್ನು ನೋಡಿದೆ.

ಇನ್ನು ಮೀನುಪೇಟೆ ಅಕ್ಕನಿಗೆ. ಕಂಬಿ ಮೇಲೆ ಹಗ್ಗದ ಗೆರೆ ಎರಡು. ಬ್ಯಾಟರಿ ಪಕ್ಕ ಟಾರ್ಚ್ ಹಾಕಿದಾಗ ಏನೋ ಮಿಂಚಿತು. ಕೈಯಲ್ಲಿ ತೆಗೆದೆ. ಒಣಗಿದ ಮೀನಿನ ಹುರುಪೆ!

ಮೀಟರ್ 28 ಸಾವಿರ, ಆದರೆ ಬ್ರೇಕ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು. 38ಕ್ಕೆ ಕೊಡುತ್ತೇನೆ ಅಂದರು. ನಾನು ಹೊರಡುವಾಗ 33ಕ್ಕೆ ಬಂದರು.


ಮೀನುಪೇಟೆ ಮೂಲೆ
ಮೇ 4, ರಾತ್ರಿ 9:02

ಹುರುಪೆ ದೊಡ್ಡದಿತ್ತಾ, ಸಣ್ಣದಾ? ದೊಡ್ಡದಾದರೆ ವ್ಯಾಪಾರ ಚೆನ್ನಾಗಿತ್ತು ಅಂತ 😄


ಪಾನಾ 12-13
ಮೇ 4, ರಾತ್ರಿ 9:30

33 ಅಂದಾಗ ಆಸೆ ಆಗಿರಬೇಕು. ಬೇಡ ತಮ್ಮಾ. ಆ ಜಾಗದಲ್ಲೇ ಹಿಂದೆ ಕೂತವನ ಭಾರ ಬೀಳೋದು. 20ಕ್ಕೆ ಕೊಟ್ಟರೂ ಬೇಡ.

ಮೀಟರ್ ಬಗ್ಗೆ ನೀನು ನೋಡಿದ್ದು ಸರಿ. ಕೇಬಲ್ ಮೀಟರಾದರೆ ಕೇಬಲ್ ಬಿಚ್ಚಿಟ್ಟು ಓಡಿಸಿದರೆ ಅಂಕಿ ಏರಲ್ಲ. ಪೆಡಲ್ ರಬ್ಬರು, ಹ್ಯಾಂಡಲ್ ಹಿಡಿಕೆ, ಕೀ ಇವು ಮೀಟರಿಗಿಂತ ಸತ್ಯವಂತರು.


ಮಾಜಾಳಿ ಗಡಿ
ಮೇ 5, ಬೆಳಿಗ್ಗೆ 7:45

ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಗಡಿ ದಾಟಿ ಗೋವಾಕ್ಕೆ ಹೋಗಿ, ಇದೇ ಗಾಡಿ 28ಕ್ಕೆ ಸಿಗುತ್ತದೆ. ನಮ್ಮ ಕಡೆ ಎಷ್ಟೋ ಜನ ಜಿಎ ನಂಬರಿನಲ್ಲೇ ಓಡಿಸುತ್ತಾರೆ.


ಝೆರಾಕ್ಸ್ ಅಂಗಡಿ
ಮೇ 5, ಬೆಳಿಗ್ಗೆ 10:20

ಆರ್‌ಟಿಒ ಫಾರಂ ತುಂಬಿಕೊಡೋದು ನನ್ನ ದಿನದ ಕೆಲಸ, ಆದ್ದರಿಂದ ಬಾಯಿ ಹಾಕುತ್ತಿದ್ದೇನೆ.

ಜಿಎ ಗಾಡಿ 28ಕ್ಕೆ ಸಿಗಬಹುದು. ಅದನ್ನು ಇಲ್ಲಿ ನಿಮ್ಮ ಹೆಸರಿಗೆ ಮಾಡಿಸಬೇಕಾದರೆ ಅಲ್ಲಿನ ಕಚೇರಿಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು, ಅದು ಫಾರಂ 28. ಇಲ್ಲಿ ಬಂದು ಕರ್ನಾಟಕದ ತೆರಿಗೆ ಕಟ್ಟಬೇಕು. 12 ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಮಾಡಿಸಲೇಬೇಕು ಅಂತ ಕಾಯ್ದೆ. ಅಲ್ಲಿ ಉಳಿಸಿದ್ದು ಇಲ್ಲಿ ಹೋಗುತ್ತದೆ. ನೌಕಾನೆಲೆ, ಕೈಗಾ ಕಡೆಯವರು ವರ್ಗವಾಗಿ ಹೋಗುವಾಗ ಮಾರುವ ಗಾಡಿಗಳಿಗೂ ಇದೇ ಮಾತು. ಚೆನ್ನಾಗಿ ಇಟ್ಟುಕೊಂಡ ಗಾಡಿ ಇರುತ್ತವೆ, ಆದರೆ ನಂಬರ್ ಯಾವ ರಾಜ್ಯದ್ದು ಅಂತ ಮೊದಲು ನೋಡಿ.

ನಮ್ಮ ಜಿಲ್ಲೆಯದ್ದಾದರೆ ಕಾರವಾರ ಕೆಎ 30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಗಾಡಿ ನಂಬರನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಆರ್‌ಸಿ ಎಲ್ಲಿ ತನಕ ಇದೆ ಎಲ್ಲಾ ಕಾಣುತ್ತದೆ. ಬಾಕಿ ಇ-ಚಲನ್ ಬೇರೆಯಾಗಿ ನೋಡಿ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ 'ಸಾಲ ತೀರಿದೆ' ಎಂಬ ಬಾಯಿಮಾತು ನಡೆಯಲ್ಲ. ಅವರು ಸಹಿ ಮಾಡಿದ ಫಾರಂ 35 ಬೇಕು. ಎಂಜಿನ್ ನಂಬರು, ಚಾಸಿಸ್ ನಂಬರು ಬಗ್ಗಿ ನೀವೇ ಓದಿ ಆರ್‌ಸಿ ಜೊತೆ ತಾಳೆ ನೋಡಿ. ತುಕ್ಕು ಹಿಡಿದು ಓದೋಕಾಗದಿದ್ದರೆ ಅದೂ ಒಂದು ತಲೆನೋವೇ.

ಮಾರಾಟಕ್ಕೆ ಫಾರಂ 29, 30. 29ರಲ್ಲಿ ಮಾರಿದವರು ತಿಳಿಸುವುದು, 30ರಲ್ಲಿ ಇಬ್ಬರ ಸಹಿ. ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು ಕೈ ತೊಳೆದುಕೊಳ್ಳುವವರು ಬಹಳ.


ಹೊನ್ನಾವರ 47
ಮೇ 5, ಬೆಳಿಗ್ಗೆ 11:05

ಖಾಲಿ ಫಾರಂ ಅಂದಿರಲ್ಲ, ನಾನೇ ಆ ಪೈಕಿ. ಹಳೇ ಬೈಕು ಒಬ್ಬ ಏಜೆಂಟರಿಗೆ ಕೊಟ್ಟೆ, ದುಡ್ಡು ಎಣಿಸಿಕೊಂಡು ಮರೆತೆ. ಎರಡು ವರ್ಷ ಆದ ಮೇಲೂ ಹೆಲ್ಮೆಟ್ ಹಾಕದ್ದಕ್ಕೆ ನನ್ನ ಮೊಬೈಲಿಗೆ ದಂಡದ ಮೆಸೇಜು. ಆಗ ನಾನು ಆಸ್ಪತ್ರೆಯಲ್ಲಿ ಮಲಗಿದ್ದೆ! ಗಾಡಿ ಮೂರು ಕೈ ದಾಟಿತ್ತು, ಆರ್‌ಸಿ ಮಾತ್ರ ನನ್ನ ಹೆಸರಲ್ಲೇ.


ಝೆರಾಕ್ಸ್ ಅಂಗಡಿ
ಮೇ 5, ಬೆಳಿಗ್ಗೆ 11:20

ದಂಡದಲ್ಲೇ ಮುಗಿಯಿತು, ಪುಣ್ಯ. ಅಪಘಾತ ಆಗಿದ್ದರೆ ಪರಿಹಾರದ ಕೇಸಿನಲ್ಲೂ ನಿಮ್ಮ ಹೆಸರೇ. ಗಾಡಿ ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.


ಕೋಡಿಬಾಗ 30
ಮೇ 8, ರಾತ್ರಿ 10:15

ಶಿರಸಿಗೆ ಹೋಗಿ ಬಂದೆ. ದೇವಿಮನೆ ಘಟ್ಟದಲ್ಲಿ ಮುಂದಿನ ಸೀಟು ಸಿಗಲಿಲ್ಲ, ಅದರ ಕಥೆ ಬೇಡ.

ಮನೆಗೆ ಹೋದಾಗ ಮಗ ಇದ್ದರು, ನನ್ನದೇ ವಯಸ್ಸು. ಗಾಡಿ ಕೊಟ್ಟಿಗೆಯ ಪಕ್ಕ ಹಳೇ ಸೀರೆ ಹೊದ್ದು ನಿಂತಿತ್ತು. ಎಂಜಿನ್ ತಣ್ಣಗಿತ್ತು. ಬ್ಯಾಟರಿ ಸತ್ತಿದೆ, ಹಾರ್ನ್ ಕೂಡ ಇಲ್ಲ. ಕಿಕ್ ಒತ್ತಿದರೆ ಚೆನ್ನಾಗಿ ಎದುರು ತಳ್ಳುತ್ತದೆ. ನಾಲ್ಕನೇ ಕಿಕ್ಕಿಗೆ ಸ್ಟಾರ್ಟ್. ನೀಲಿ ಹೊಗೆ ಇಲ್ಲ. ಆಯಿಲ್ ಕಪ್ಪು, ಹಾಲು ಹಾಲು ಅಲ್ಲ. ಸೀಟು ಎತ್ತಿದರೆ ಜೇಡರ ಬಲೆ, ಅಡಿಕೆ ಸಿಪ್ಪೆ, ಒಂದು ಹಳೇ ಬಸ್ ಟಿಕೆಟು. ಮಡ್ಗಾರ್ಡ್ ಟಣ್ ಅಂದಿತು. ಮೂರು ಸಲ ತಟ್ಟಿದೆ, ಖುಷಿಗೆ.

ಮುಂದಿನ ಬಲಗಡೆ ಶಾಕಿನಿಂದ ಎಣ್ಣೆ ಇಳಿದಿದೆ. ಪೈಪಿನ ಮೇಲೆ ಉಗುರು ಎಳೆದೆ, ಗುಳಿ ಇಲ್ಲ. ಮುಂದಿನ ಟೈರು 2217, ಪಕ್ಕದಲ್ಲಿ ಬಿರುಕು. ಹಿಂದಿನದು 3521, ಪರವಾಗಿಲ್ಲ. ಟ್ಯಾಂಕಿನ ಒಳಗೆ ಕುತ್ತಿಗೆ ಹತ್ತಿರ ಸ್ವಲ್ಪ ತುಕ್ಕು.

ಇನ್ಶೂರೆನ್ಸ್ ಮುಗಿದಿದೆ, ಹಾಗಾಗಿ ರಸ್ತೆಗೆ ಇಳಿಸಲಿಲ್ಲ. ಮನೆಯಿಂದ ತೋಟಕ್ಕೆ ಅವರದೇ ದಾರಿ ಇದೆ, ನಿಜವಾಗಿಯೂ ಗೋಡೆ. ಕೆಳಗಿಂದ ಮೂರನೇ ಗೇರಿನಲ್ಲಿ ಹತ್ತಿಸಿದೆ. ಎಂಜಿನ್ ಕೂಗಿತು, ಗಾಡಿ ತೆವಳಿತು. ಅಡಿಕೆ ತೋಟ ಅಣ್ಣ ಹೇಳಿದ ಹಾಗೇ.

ಮೀಟರ್ 46,118. ನಂಬೋದು ಹೇಗೆ ಅಂತ ಯೋಚಿಸುತ್ತಿದ್ದೆ. ಅವರ ಆಯಿ (ತಾಯಿ) ಕಷಾಯ ತಂದುಕೊಟ್ಟು ಒಳಗೆ ಹೋಗಿ ಒಂದು ಸೊಸೈಟಿ ಡೈರಿ ತಂದರು. ಅಡಿಕೆ ಕ್ವಿಂಟಾಲಿನ ಲೆಕ್ಕ, ಕೊನೆಗೌಡರ (ಅಡಿಕೆ ಕೊನೆ ಕೊಯ್ಯುವವರ) ಕೂಲಿ, ಅದರ ಮಧ್ಯೆ ಮಧ್ಯೆ 'ಬೈಕು, ಎಣ್ಣೆ, 31,240', 'ಬೈಕು, ಚೈನು, 38,015' ಅಂತ ಪೆನ್ಸಿಲಿನಲ್ಲಿ ಬರೆದಿದೆ. ಕೊನೆಯದು ಕಳೆದ ಅಕ್ಟೋಬರಿನದು, 45,870. ಆಮೇಲೆ ಪುಟಗಳು ಖಾಲಿ. ಅಪ್ಪ ಡಿಸೆಂಬರಿನಲ್ಲಿ ತೀರಿಕೊಂಡರಂತೆ.

ಸಮಸ್ಯೆ ಇಲ್ಲೇ. ಆರ್‌ಸಿ ಅಪ್ಪನ ಹೆಸರಿನಲ್ಲಿದೆ. ಮಗ ಹೇಳುವ ಪ್ರಕಾರ ಪರಿಚಯದ ಒಬ್ಬ ಏಜೆಂಟರು 'ಅಪ್ಪನ ಸಹಿ ನೀನೇ ಹಾಕಿ ಕೊಡು, ಮುಗಿದುಹೋಗುತ್ತದೆ' ಅಂದಿದ್ದಾರೆ. ಏನು ಮಾಡಲಿ? ಗಾಡಿ ಇಷ್ಟವಾಗಿದೆ.


ಝೆರಾಕ್ಸ್ ಅಂಗಡಿ
ಮೇ 9, ಬೆಳಿಗ್ಗೆ 9:50

ಸತ್ತವರ ಸಹಿ ಹಾಕುವುದು ಬೇಡವೇ ಬೇಡ. ಅದು ಖೋಟಾ ಸಹಿ, ನಾಳೆ ನಿಮ್ಮ ಕೊರಳಿಗೂ ಬರುತ್ತದೆ.

ದಾರಿ ಸರಳ ಇದೆ, ಸ್ವಲ್ಪ ಸಮಯ ಹಿಡಿಯುತ್ತದೆ ಅಷ್ಟೇ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರಂ 31. ಮರಣ ಪ್ರಮಾಣಪತ್ರ, ಮೂಲ ಆರ್‌ಸಿ, ನಾಡಕಚೇರಿಯ ವಂಶವೃಕ್ಷ, ಆಯಿ ಮತ್ತು ಉಳಿದ ಮಕ್ಕಳ ಒಪ್ಪಿಗೆ ಪತ್ರ ಜೋಡಿಸಲಿ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ತಡವಾಗಿದೆ, ದಂಡ ಬಂದರೆ ಅವರು ಕಟ್ಟುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಮಗನ ಹೆಸರಿಗೆ ಬಂದ ಮೇಲೆ 29, 30 ಮಾಡಿ ನಿಮ್ಮ ಹೆಸರಿಗೆ.

ಅಲ್ಲಿ ತನಕ ಪೂರ್ತಿ ದುಡ್ಡು ಕೊಡಬೇಡಿ, ಗಾಡಿಯನ್ನೂ ತರಬೇಡಿ. ಸಣ್ಣ ಅಡ್ವಾನ್ಸ್ ಕೊಟ್ಟು ಚೀಟಿ ಬರೆಸಿಕೊಳ್ಳಿ. ಇನ್ಶೂರೆನ್ಸ್ ಆಮೇಲೆ ನಿಮ್ಮ ಹೆಸರಿನಲ್ಲೇ ಹೊಸದು ಮಾಡಿಸಿ. 75ರಿಂದ 150 ಸಿಸಿ ತನಕ ಥರ್ಡ್ ಪಾರ್ಟಿಗೆ 2022ರ ದರದಂತೆ ವರ್ಷಕ್ಕೆ 714 ರೂ., ಮೇಲೆ ಜಿಎಸ್‌ಟಿ.


ಪಾನಾ 12-13
ಮೇ 9, ಬೆಳಿಗ್ಗೆ 10:30

ಡೈರಿ ಓದಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ. 19 ವರ್ಷದಲ್ಲಿ ಇಂಥ ಲೆಕ್ಕ ಇಟ್ಟವರನ್ನು ಬೆರಳಲ್ಲಿ ಎಣಿಸಬಹುದು.

ಕೆಲಸ ಏನೇನಿದೆ ಅಂದರೆ ಕ್ಲಚ್ ಪ್ಲೇಟು, ಮುಂದಿನ ಟೈರು, ಬ್ಯಾಟರಿ, ಎರಡೂ ಶಾಕಿನ ಸೀಲು ಮತ್ತು ಎಣ್ಣೆ (ಒಂದೇ ಹಾಕಬೇಡ), ಟ್ಯಾಂಕ್ ಮತ್ತು ಕಾರ್ಬುರೇಟರ್ ಕ್ಲೀನಿಂಗು, ಎಂಜಿನ್ ಆಯಿಲ್. ನನ್ನ ಕೂಲಿ ಸೇರಿ 7 ಸಾವಿರದ ಆಸುಪಾಸು. 31ಕ್ಕೆ ಕೇಳು.


ಕೋಡಿಬಾಗ 30
ಮೇ 9, ಬೆಳಿಗ್ಗೆ 10:41

ಆ ಡೈರಿ ನೋಡಿದ ಮೇಲೆ ಚೌಕಾಶಿ ಮಾಡೋಕೆ ಬಾಯಿ ಬರುತ್ತಿಲ್ಲ ಅಣ್ಣಾ.


ಅಡಿಕೆ ತೋಟ
ಮೇ 9, ಬೆಳಿಗ್ಗೆ 11:15

ಚೌಕಾಶಿ ಮಾಡದಿದ್ದರೆ ನಮ್ಮವರಿಗೆ ಅನುಮಾನ ಬರುತ್ತದೆ ಮಾರಾಯ. ಕ್ಲಚ್ ಜಾರುತ್ತಿದೆ ಅನ್ನೋದು ಅವರಿಗೂ ಗೊತ್ತು, ದಿನಾ ಆ ಏರು ಹತ್ತಿದವರು. ಕೆಲಸದ ಪಟ್ಟಿ ಬರೆದು ಮುಂದಿಡಿ. ಒಂದೊಂದಕ್ಕೆ ಎಷ್ಟು ಅಂತ ಅವರೇ ಕೂಡಿಸಲಿ.


ಕೋಡಿಬಾಗ 30
ಮೇ 14, ರಾತ್ರಿ 9:20

ಪಟ್ಟಿ ವಾಟ್ಸಾಪಿನಲ್ಲಿ ಕಳಿಸಿದೆ. ಅರ್ಧ ದಿನ ಉತ್ತರ ಇಲ್ಲ. ಕೆಲಸ ಕೆಟ್ಟಿತು ಅಂದುಕೊಂಡೆ. ಸಂಜೆ ಫೋನ್ ಬಂತು. ಮಗ ಶಿರಸಿ ಪೇಟೆಗೆ ಹೋಗಿ ಟೈರು, ಬ್ಯಾಟರಿ ರೇಟು ವಿಚಾರಿಸಿ ಬಂದಿದ್ದರಂತೆ. ನನ್ನ ಪಟ್ಟಿಗಿಂತ 200 ಜಾಸ್ತಿಯೇ ಆಯಿತಂತೆ. 31,500ಕ್ಕೆ ಒಪ್ಪಿದರು.

3 ಸಾವಿರ ಅಡ್ವಾನ್ಸ್ ಕಳಿಸಿದ್ದೇನೆ, ಚೀಟಿ ಬಂದಿದೆ. ಫಾರಂ 31ಕ್ಕೆ ಅರ್ಜಿ ಹಾಕಿದ್ದಾರೆ, ವಂಶವೃಕ್ಷ ಬಾಕಿ. ಆಗೋವಷ್ಟರಲ್ಲಿ ಮಳೆ ಹಿಡಿಯುತ್ತದೆ ಅನಿಸುತ್ತದೆ. ಅಲ್ಲಿ ತನಕ ಬಸ್ಸು. ಗಾಡಿ ಅವರ ಕೊಟ್ಟಿಗೆಯಲ್ಲೇ ನಿಂತಿರುತ್ತದೆ. ಏನಾದರೂ ಮಾಡಿಸಿಡಬೇಕಾ ಪಾನಾ ಅಣ್ಣಾ?


ಪಾನಾ 12-13
ಮೇ 14, ರಾತ್ರಿ 9:48

ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ ಅನ್ನು, ಖಾಲಿ ಜಾಗದಲ್ಲಿ ಮಳೆಗಾಲದ ತೇವ ಕೂತು ತುಕ್ಕು ಜಾಸ್ತಿಯಾಗುತ್ತದೆ. ಪೆಟ್ರೋಲ್ ದುಡ್ಡು ನೀನು ಕೊಡು. ಕಾರ್ಬುರೇಟರಿನ ಪೆಟ್ರೋಲ್ ಕಾಕ್ ಬಂದ್ ಮಾಡಿಡಲಿ. ಮಧ್ಯದ ಸ್ಟ್ಯಾಂಡಿನಲ್ಲಿ ನಿಲ್ಲಿಸಲಿ. ವಾರಕ್ಕೊಮ್ಮೆ ಕಾಕ್ ತೆರೆದು ಕಿಕ್ ಹೊಡೆದು ಹತ್ತು ನಿಮಿಷ ಓಡಿಸಿಡಲಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದರೆ ಇಲಿ ಸೇರಲ್ಲ, ಸ್ಟಾರ್ಟ್ ಮಾಡುವಾಗ ತೆಗೆಯೋಕೆ ಮರೆಯಬಾರದು ಅಷ್ಟೇ.

ಹೊದಿಸಿದ ಆ ಹಳೇ ಸೀರೆ ಹಾಗೇ ಇರಲಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ.


ಮೀನುಪೇಟೆ ಮೂಲೆ
ಮೇ 14, ರಾತ್ರಿ 10:05

ಗಾಡಿ ಕಾರವಾರಕ್ಕೆ ಬಂದ ದಿನ ಹೇಳಿ, ಬಾಂಗಡೆ ಕೊಡುತ್ತೇನೆ. ಚೀಲದಲ್ಲಿ ಹ್ಯಾಂಡಲಿಗೆ ನೇತು ಹಾಕಿ ಒಯ್ಯಬೇಡಿ ಮತ್ತೆ.